‘ಗಾಡಿ ಓಡತೈತಲ್ರೀ’ ಎಂಬುದು ಉತ್ತರವಲ್ಲ

ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಿಂದ ಮಹಾಲಿಂಗಪುರ, ಮುಧೋಳ, ಅತ್ತ ಬನಹಟ್ಟಿ, ಜಮಖಂಡಿ, ಬೀಳಗಿ ತನಕ ಯಾವ ಗ್ಯಾರೇಜಿನ ಮುಂದೆ ನಿಂತು ಕೇಳಿದರೂ ಏರ್‌ಬ್ಯಾಗ್ ದೀಪದ ಬಗ್ಗೆ ಸಿಗುವ ಉತ್ತರ ಒಂದೇ. ‘ಅದು ಸೆನ್ಸಾರ್ ಲೈಟ್ ರೀ, ಹತ್ಕೊಂಡಿರ್ತೈತಿ. ಗಾಡಿ ಓಡತೈತಲ್ಲ, ಬಿಡ್ರಿ.’ ಹೇಳುವವರು ಕೆಟ್ಟವರಲ್ಲ. ಹತ್ತಾರು ವರ್ಷ ಗಾಡಿ ಬಿಚ್ಚಿ ಕಟ್ಟಿದ ಮೇಸ್ತ್ರಿಗಳು, ಸೆಕೆಂಡ್ ಹ್ಯಾಂಡ್ ಕಾರು ಕೊಡಿಸುವ ದಲ್ಲಾಳಿಗಳು, ಮನೆಯ ಅಳಿಯ, ಶಾಲೆಯ ಮೇಷ್ಟ್ರು, ಎಲ್ಲರೂ ಇದನ್ನೇ ನಂಬಿದ್ದಾರೆ. ಎಷ್ಟೋ ಡಾಕ್ಟರರ ಕಾರಿನಲ್ಲೂ ಆ ಕೆಂಪು ದೀಪ ತಿಂಗಳುಗಟ್ಟಲೆ ಉರಿಯುತ್ತಿರುತ್ತದೆ. ಈ ನಂಬಿಕೆ ತಪ್ಪು. ಬರೀ ತಪ್ಪಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಇದು ಜೀವಕ್ಕೆ ಸಂಚಕಾರ ತರುವ ತಪ್ಪು, ಜೊತೆಗೆ ದಿನದಿನಕ್ಕೂ ಜಾಣತನದ ಹೆಸರಿನಲ್ಲಿ ಹರಡುತ್ತಿರುವ ತಪ್ಪು. ಹಾಗಾಗಿ ಇದನ್ನು ಬುಡಸಮೇತ ಎತ್ತಿ ನೋಡಬೇಕು.

ಈ ನಂಬಿಕೆ ಎಲ್ಲಿಂದ ಬಂತು ಎಂದು ತಿಳಿಯುವುದು ಕಷ್ಟವಲ್ಲ. ನಮ್ಮದು ಟ್ರ್ಯಾಕ್ಟರಿನ ಸೀಮೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಕಾರ್ಖಾನೆಯ ಕಡೆ ಸಾಗುವ ಟ್ರ್ಯಾಕ್ಟರಿಗೆ ನಾವು ಕೇಳುವ ಪ್ರಶ್ನೆ ಒಂದೇ: ಎಳೆಯುತ್ತದೋ ಇಲ್ಲವೋ? ಎಳೆದರೆ ಚೆನ್ನಾಗಿದೆ, ಎಳೆಯದಿದ್ದರೆ ಕೆಟ್ಟಿದೆ. ಎಂಜಿನ್ನಿಗೆ, ಗೇರಿಗೆ, ಬ್ಯಾಟರಿಗೆ ಈ ಪರೀಕ್ಷೆ ಸರಿಯಾಗಿಯೇ ಒಪ್ಪುತ್ತದೆ. ಆಯಿಲ್ ದೀಪ ಹತ್ತಿದಾಗ ಅಲಕ್ಷ್ಯ ಮಾಡಿದರೆ ಎಂಜಿನ್ ಸೀಜ್ ಆಗುತ್ತದೆ. ಬಿಸಿಯ ಮುಳ್ಳು ಏರಿದಾಗ ನಿಲ್ಲಿಸದಿದ್ದರೆ ಗ್ಯಾಸ್ಕೆಟ್ ಹೋಗುತ್ತದೆ. ಗಾಡಿಯೇ ನಿಂತು ಬುದ್ಧಿ ಹೇಳುತ್ತದೆ. ಏರ್‌ಬ್ಯಾಗ್ ಹಾಗಲ್ಲ. ಅದು ಸತ್ತಿದ್ದರೂ ಕಾರು ಜಮಖಂಡಿಯಿಂದ ಬೆಂಗಳೂರಿಗೆ ಹೋಗಿ ಬರುತ್ತದೆ. ಮೈಲೇಜ್ ಕಡಿಮೆಯಾಗುವುದಿಲ್ಲ, ಪಿಕಪ್ ಕುಂದುವುದಿಲ್ಲ, ಒಂದು ಸದ್ದೂ ಬರುವುದಿಲ್ಲ.

ಏರ್‌ಬ್ಯಾಗ್ ತನ್ನ ಇಡೀ ಆಯುಷ್ಯದಲ್ಲಿ ಕೆಲಸ ಮಾಡುವುದು ಹೆಚ್ಚೆಂದರೆ ಒಂದೇ ಸಲ. ಅದೂ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಪಾಲಿನ ಆಸುಪಾಸಿನಲ್ಲಿ. ಡಿಕ್ಕಿಯಾದದ್ದನ್ನು ಸೆನ್ಸಾರ್ ಅರಿಯಬೇಕು, ಕಂಟ್ರೋಲರ್ ಲೆಕ್ಕ ಹಾಕಬೇಕು, ಇನ್‌ಫ್ಲೇಟರಿನೊಳಗಿನ ಕಿಡಿ ಹೊತ್ತಬೇಕು, ಅನಿಲ ತುಂಬಬೇಕು, ಚೀಲ ಉಬ್ಬಬೇಕು. ಇಷ್ಟೆಲ್ಲ ನಮ್ಮ ರೆಪ್ಪೆ ಒಂದು ಸಲ ಮುಚ್ಚಿ ತೆರೆಯುವುದಕ್ಕೂ ಮುಂಚೆ ಮುಗಿಯಬೇಕು. ಇಂಥದ್ದನ್ನು ಓಡಿಸಿ ನೋಡಿ ಪರೀಕ್ಷೆ ಮಾಡಲು ಬರುವುದಿಲ್ಲ. ಅದಕ್ಕೇ ಕಂಟ್ರೋಲರ್ ಪ್ರತಿ ಸಲ ಕೀ ತಿರುಗಿಸಿದಾಗ ತನ್ನ ವೈರುಗಳನ್ನೆಲ್ಲ ತಾನೇ ತಪಾಸಣೆ ಮಾಡಿಕೊಳ್ಳುತ್ತದೆ, ಓಡುವಾಗಲೂ ಮಾಡುತ್ತಲೇ ಇರುತ್ತದೆ. ಆ ತಪಾಸಣೆಯ ವರದಿ ನಮಗೆ ಸಿಗುವುದು ಡ್ಯಾಶ್‌ಬೋರ್ಡಿನ ಒಂದು ಪುಟ್ಟ ದೀಪದಲ್ಲಿ: ಕುಳಿತ ಮನುಷ್ಯನ ಚಿತ್ರ, ಎದುರಿಗೆ ಒಂದು ದುಂಡು ಚೆಂಡು. ಏರ್‌ಬ್ಯಾಗ್ ಬದುಕಿದೆಯೋ ಸತ್ತಿದೆಯೋ ಎಂದು ಸಾಮಾನ್ಯ ಮಾಲೀಕನಿಗೆ ತಿಳಿಸುವ ಸಾಕ್ಷಿ ಅದೊಂದೇ. ಆ ಸಾಕ್ಷಿಯ ಮಾತನ್ನೇ ಸುಳ್ಳು ಎಂದು ತಳ್ಳಿಹಾಕಿದ ಮೇಲೆ ಉಳಿದದ್ದು ಊಹೆ ಮಾತ್ರ.

ದೀಪವನ್ನು ಓದುವುದು ಸುಲಭ. ಕೀ ತಿರುಗಿಸಿದಾಗ ಅದು ಹತ್ತಬೇಕು, ಐದಾರು ಸೆಕೆಂಡಿನಲ್ಲಿ ಆರಬೇಕು. ಆರದೆ ಉರಿಯುತ್ತಲೇ ಇದ್ದರೆ, ಮಿಣುಕುತ್ತಿದ್ದರೆ, ಅಥವಾ ಆರಿ ಮತ್ತೆ ದಾರಿಯಲ್ಲಿ ಹತ್ತಿದರೆ ವ್ಯವಸ್ಥೆಯಲ್ಲಿ ದೋಷವಿದೆ. ಕೆಲವು ಗಾಡಿಗಳಲ್ಲಿ ಆಗ ಎಲ್ಲ ಏರ್‌ಬ್ಯಾಗುಗಳೂ ಕೆಲಸ ನಿಲ್ಲಿಸುತ್ತವೆ, ಕೆಲವುಗಳಲ್ಲಿ ದೋಷವಿರುವುದು ಮಾತ್ರ. ನಿಮ್ಮದರಲ್ಲಿ ಯಾವುದು ಎಂದು ಹೊರಗಿನಿಂದ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ಸಾಮಾನ್ಯವಾಗಿ ಸೀಟ್ ಬೆಲ್ಟನ್ನು ಡಿಕ್ಕಿಯ ಕ್ಷಣದಲ್ಲಿ ಬಿಗಿ ಎಳೆಯುವ ಪ್ರಿಟೆನ್ಷನರ್ ಕೂಡ ಇದೇ ಕಂಟ್ರೋಲರಿನ ಕೈಯಲ್ಲಿರುತ್ತದೆ. ಹಾಗಾಗಿ ದೀಪ ಹತ್ತಿದ ಗಾಡಿಯಲ್ಲಿ ಬೆಲ್ಟಿನ ಆ ಶಕ್ತಿಯೂ ಹೋಗಿರಬಹುದು.

ಎಲ್ಲಕ್ಕಿಂತ ಅಪಾಯದ್ದು ಬೇರೆಯೇ ಇದೆ: ಕೀ ತಿರುಗಿಸಿದಾಗ ದೀಪ ಹತ್ತುವುದೇ ಇಲ್ಲ. ನಮ್ಮಲ್ಲಿ ಜನ ಇದನ್ನು ನೋಡಿ ಸಮಾಧಾನಪಡುತ್ತಾರೆ, ‘ಲೈಟೇ ಬರವಲ್ದು, ಅಂದ್ರ ಎಲ್ಲಾ ಬರೋಬ್ಬರಿ ಐತಿ’ ಎಂದು. ಹತ್ತಬೇಕಾದ ಹೊತ್ತಿಗೆ ಹತ್ತದ ದೀಪ ಎಂದರೆ ಬಹುಶಃ ಯಾರೋ ಬಲ್ಬು ಕಿತ್ತಿದ್ದಾರೆ, ಇಲ್ಲವೇ ಒಳಗಿನಿಂದ ಕಪ್ಪು ಟೇಪು ಅಂಟಿಸಿದ್ದಾರೆ. ದೀಪ ಹತ್ತಿ ಆರಿದರೂ ಮೋಸವಿರಬಹುದು: ಕೆಲವರು ಆ ವೈರನ್ನು ಆಯಿಲ್ ದೀಪಕ್ಕೋ ಬ್ಯಾಟರಿ ದೀಪಕ್ಕೋ ಜೋಡಿಸಿ ಎರಡೂ ಒಟ್ಟಿಗೆ ಹತ್ತಿ ಆರುವಂತೆ ಮಾಡಿರುತ್ತಾರೆ. ಇನ್ನೂ ನುರಿತ ಕೈಗಳು ಏರ್‌ಬ್ಯಾಗ್ ಇರಬೇಕಾದ ಜಾಗದಲ್ಲಿ ಸುಮಾರು 2 ಓಮಿನ ಒಂದು ರೆಸಿಸ್ಟರ್ ಕೂರಿಸುತ್ತವೆ. ಕಂಟ್ರೋಲರ್ ಅದನ್ನೇ ಏರ್‌ಬ್ಯಾಗ್ ಎಂದು ತಿಳಿದು ದೀಪ ಆರಿಸುತ್ತದೆ. ಸ್ಟೇರಿಂಗಿನ ಮುಚ್ಚಳದ ಒಳಗೆ ಚೀಲವೇ ಇರುವುದಿಲ್ಲ. ಇದನ್ನು ರಿಪೇರಿ ಎನ್ನಬಾರದು. ಮುಂದೆ ಆ ಸೀಟಿನಲ್ಲಿ ಕೂರುವವನ ಬೆನ್ನಿಗೆ ಚೂರಿ ಹಾಕಿದ ಕೆಲಸ ಅದು.

ಏರ್‌ಬ್ಯಾಗ್ ದೀಪಕ್ಕೂ ಹಾರ್ನಿಗೂ ಒಂದು ನಂಟಿದೆ, ಈಗ ಅದರ ಕಡೆ ಬರೋಣ. ಇದನ್ನು ಸ್ವಲ್ಪ ಹತ್ತಿರದಿಂದಲೇ ತೋರಿಸಬೇಕು, ಯಾಕೆಂದರೆ ಈ ಸೀಮೆಯ ಎಷ್ಟೋ ಕಾರುಗಳಲ್ಲಿ ಅದರ ಗುರುತು ಕಣ್ಣಿಗೆ ಕಾಣುವ ಹಾಗೇ ಇದೆ. ಸ್ಟೇರಿಂಗ್ ಚಕ್ರದ ಹಿಂದೆ, ಕಂಬದ ಸುತ್ತ ಒಂದು ಚಪ್ಪಟೆ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದರೊಳಗೆ ತೆಳ್ಳನೆಯ ರಿಬ್ಬನ್ ವೈರು ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡಿರುತ್ತದೆ. ಮೇಸ್ತ್ರಿಗಳು ಅದನ್ನು ಕ್ಲಾಕ್ ಸ್ಪ್ರಿಂಗ್ ಎನ್ನುತ್ತಾರೆ. ಚಕ್ರ ಎಡಕ್ಕೆ ಬಲಕ್ಕೆ ತಿರುಗಿದಂತೆ ಈ ರಿಬ್ಬನ್ ಸುತ್ತುತ್ತದೆ, ಬಿಚ್ಚುತ್ತದೆ. ಹಾರ್ನಿನ ಕರೆಂಟು ಹೋಗುವುದು ಇದರ ಮೂಲಕ, ಸ್ಟೇರಿಂಗಿನ ಮೇಲಿನ ಹಾಡಿನ ಬಟನ್‌ಗಳದೂ ಇದರ ಮೂಲಕ, ಚಾಲಕನ ಏರ್‌ಬ್ಯಾಗಿಗೆ ಕಿಡಿ ಹೋಗುವುದೂ ಇದರ ಮೂಲಕವೇ. ವರ್ಷಗಳು ಕಳೆದಂತೆ, ಧೂಳು ಸೇರಿ, ಅಥವಾ ಸ್ಟೇರಿಂಗ್ ಕೆಲಸ ಮಾಡುವಾಗ ಚಕ್ರವನ್ನು ನಡುವಿಗೆ ತಾರದೆ ಕೂರಿಸಿದ್ದರಿಂದ, ಆ ರಿಬ್ಬನ್ ಸವೆದು ಹರಿಯುತ್ತದೆ. ಆಗ ಹಾರ್ನ್ ಒಮ್ಮೆ ಹೊಡೆಯುತ್ತದೆ, ಒಮ್ಮೆ ಹೊಡೆಯುವುದಿಲ್ಲ. ಚಕ್ರ ತಿರುಗಿಸಿದಾಗ ಮಾತ್ರ ಬಡಿದುಕೊಳ್ಳುತ್ತದೆ. ಅದೇ ದಿನಗಳಲ್ಲಿ ಏರ್‌ಬ್ಯಾಗ್ ದೀಪವೂ ಹತ್ತುತ್ತದೆ.

ಆಗ ನಾವೇನು ಮಾಡುತ್ತೇವೆ? ಹಾರ್ನ್ ಇಲ್ಲದೆ ಮಹಾಲಿಂಗಪುರದ ಪೇಟೆಯಲ್ಲಿ ಗಾಡಿ ನಡೆಸಲಾಗದು ಎಂದು ಕೂಡಲೇ ಗ್ಯಾರೇಜಿಗೆ ಓಡುತ್ತೇವೆ. ಅಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ತೂತು ಕೊರೆದು, ಕಾಲಿಂಗ್ ಬೆಲ್ಲಿನಂಥ ಬೇರೆ ಬಟನ್ ಕೂರಿಸಿ, ನೇರ ವೈರು ಎಳೆದು ಕೊಡುತ್ತಾರೆ. ಹಾರ್ನ್ ಹೊಡೆಯುತ್ತದೆ, ಖರ್ಚೂ ಕಡಿಮೆ, ಎಲ್ಲರಿಗೂ ಖುಷಿ. ಚಾಲಕನ ಎದೆಯ ಮುಂದಿರುವ ಏರ್‌ಬ್ಯಾಗಿನ ವೈರು ಹರಿದೇ ಉಳಿಯುತ್ತದೆ. ಹಾರ್ನಿಗೆ ಪ್ರತ್ಯೇಕ ಬಟನ್ ಇರುವ ಪ್ರತಿಯೊಂದು ಕಾರನ್ನೂ ನಾನು ಅನುಮಾನದಿಂದಲೇ ನೋಡುತ್ತೇನೆ, ನೀವೂ ನೋಡಬೇಕು. ಎಚ್ಚರಿಕೆ ಎರಡು ದನಿಯಲ್ಲಿ ಬಂದಿತ್ತು. ನಮಗೆ ತೊಂದರೆ ಕೊಡುತ್ತಿದ್ದ ದನಿಗೆ ಮಾತ್ರ ಉಪಚಾರ ಮಾಡಿ, ತೊಂದರೆ ಕೊಡದೆ ಕೊಲ್ಲಬಲ್ಲದ್ದನ್ನು ಹಾಗೇ ಬಿಟ್ಟೆವು.

ಸೀಟಿನ ಕೆಳಗಿನ ಕಥೆಯೂ ಇದೇ ಬಗೆಯದು. ಮುಂದಿನ ಸೀಟಿನಡಿ ಕೈಹಾಕಿ ನೋಡಿ: ಹಳದಿ ಬಣ್ಣದ ವೈರು, ಹಳದಿ ಕನೆಕ್ಟರ್ ಸಿಗುತ್ತದೆ. ಏರ್‌ಬ್ಯಾಗ್ ಸರ್ಕಿಟ್ಟಿಗೆ ಹಳದಿ ಹಾಕುವುದೇ ಯಾರೂ ಅರಿಯದೆ ಮುಟ್ಟದಿರಲೆಂದು. ಪಕ್ಕದ ಏರ್‌ಬ್ಯಾಗ್, ಬೆಲ್ಟಿನ ಬಕಲ್, ಸೀಟಿನಲ್ಲಿ ಯಾರಾದರೂ ಕುಳಿತಿದ್ದಾರೆಯೇ ಎಂದು ಅರಿಯುವ ಸೆನ್ಸಾರ್, ಎಲ್ಲದರ ವೈರೂ ಅಲ್ಲಿಯೇ ಹಾದುಹೋಗುತ್ತವೆ. ತೋಟದ ಮನೆಗೆ ಹೋಗಿ ಬರುವ ಕಾರಿನಲ್ಲಿ ಅಲ್ಲಿ ಏನೇನಿರುತ್ತದೆ ಎಂದು ನಮಗೆ ಗೊತ್ತು: ಕಪ್ಪು ಮಣ್ಣಿನ ಧೂಳು, ರವದಿಯ ಚೂರು, ಗೊಬ್ಬರದ ಚೀಲದಿಂದ ಉದುರಿದ ಹರಳು. ಯೂರಿಯಾ ಹರಳು ತೇವ ಹೀರಿಕೊಂಡು ತಾಮ್ರಕ್ಕೆ ತಾಗಿತೆಂದರೆ ಹಸಿರು ಕಿಲುಬು ಕಟ್ಟುತ್ತದೆ. ಮೇಲಿಂದ ವಾಟರ್ ಸರ್ವಿಸಿನಲ್ಲಿ ಮ್ಯಾಟು ಎತ್ತಿ ಪಂಪಿನ ನೀರು ಹೊಡೆಸುತ್ತೇವೆ. ಈ ಸರ್ಕಿಟ್ಟು ನಡೆಯುವುದೇ ಎರಡು ಓಮಿನ ಆಸುಪಾಸಿನ ಅಳತೆಯಲ್ಲಿ. ಉಗುರಿನ ತುದಿಯಷ್ಟು ಕಿಲುಬು ಕೂತರೂ ಲೆಕ್ಕ ತಪ್ಪುತ್ತದೆ, ದೀಪ ಹತ್ತುತ್ತದೆ. ಇನ್ನು ಇಲಿ, ಹೆಗ್ಗಣ. ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ನೆಲೆ ತಪ್ಪಿದ ಇಲಿಗಳು ಅಂಗಳದ ಕಾರನ್ನು ಸೇರುವುದು ಇಲ್ಲಿ ಹೊಸದಲ್ಲ. ಅವು ಹೆಡ್‌ಲೈಟಿನ ವೈರು ಕಡಿದರೆ ಆ ಸಂಜೆಯೇ ಗೊತ್ತಾಗುತ್ತದೆ. ಹಳದಿ ವೈರು ಕಡಿದರೆ ತಿಳಿಸುವುದು ಆ ದೀಪ ಮಾತ್ರ.

ಪ್ರವಾಹದ ಮಾತನ್ನೂ ಸೇರಿಸಬೇಕು. 2019ರ ಆಗಸ್ಟಿನಲ್ಲಿ ಘಟಪ್ರಭಾ, ಕೃಷ್ಣಾ ಎರಡೂ ಉಕ್ಕಿ ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಸೀಮೆಯ ಎಷ್ಟು ಊರುಗಳು ಮುಳುಗಿದವು ಎಂದು ಮರೆಯುವಂತಿಲ್ಲ. ಅದೇ ಮಳೆಗಾಲದಲ್ಲಿ ಸಾಂಗ್ಲಿ, ಕೊಲ್ಲಾಪುರಗಳೂ ಮುಳುಗಿದ್ದವು. ನೀರಿನಲ್ಲಿ ನಿಂತ ಕಾರು ಒಣಗಿ, ತೊಳೆದು, ಸೀಟ್ ಕವರ್ ಹಾಕಿಸಿಕೊಂಡು ಜಿಲ್ಲೆ, ರಾಜ್ಯ ದಾಟಿ ಮಾರಾಟಕ್ಕೆ ಬರುತ್ತದೆ. ಏರ್‌ಬ್ಯಾಗ್ ಕಂಟ್ರೋಲರ್ ಇರುವುದು ಸಾಮಾನ್ಯವಾಗಿ ಗೇರ್ ಲಿವರಿನ ಮುಂದೆ, ನೆಲಕ್ಕೆ ಅಂಟಿಕೊಂಡಂತೆ. ಕಾರಿನೊಳಗೆ ಮೊಣಕಾಲುದ್ದ ನೀರು ನಿಂತಿತ್ತೆಂದರೆ ಮೊದಲು ಮುಳುಗಿದ್ದು ಅದೇ.

ಎದುರು ವಾದ ನನಗೆ ಗೊತ್ತಿದೆ. ‘ಏರ್‌ಬ್ಯಾಗ್ ಚೆನ್ನಾಗೇ ಐತಿ, ಸೆನ್ಸಾರ್ ಅಷ್ಟೇ ಹೋಗೇತಿ’ ಎನ್ನುತ್ತಾರೆ. ಸೆನ್ಸಾರ್ ಹೋದ ಮೇಲೆ ಚೆನ್ನಾಗಿರುವ ಚೀಲಕ್ಕೆ ಉಬ್ಬು ಎಂದು ಹೇಳುವವರು ಯಾರು? ಸೆನ್ಸಾರ್, ವೈರು, ಕಂಟ್ರೋಲರ್, ಇನ್‌ಫ್ಲೇಟರ್, ಚೀಲ ಇವೆಲ್ಲ ಸೇರಿದರೇ ಏರ್‌ಬ್ಯಾಗ್. ನಡುವೆ ಒಂದು ಕಡೆ ಕಡಿದರೂ ಅದು ಇಲ್ಲ.

‘ಸ್ಕ್ಯಾನರ್ ಹಚ್ಚಿ ನೋಡೀವಿ, ಏನೂ ಫಾಲ್ಟ್ ತೋರ್ಸವಲ್ದು’ ಎನ್ನುವವರೂ ಉಂಟು. ಅಗ್ಗದ ಸ್ಕ್ಯಾನರುಗಳು ಓದುವುದು ಎಂಜಿನ್ನಿನ ದೋಷಗಳನ್ನು ಮಾತ್ರ. ಏರ್‌ಬ್ಯಾಗಿನ ಕಂಟ್ರೋಲರ್ ಜೊತೆ ಅವಕ್ಕೆ ಮಾತುಕತೆಯೇ ಇರುವುದಿಲ್ಲ. ಏರ್‌ಬ್ಯಾಗ್ ಓದುವ ಸ್ಕ್ಯಾನರ್ ಬೇರೆ, ‘ಬಿ’ ಅಕ್ಷರದಿಂದ ಶುರುವಾಗುವ ಕೋಡುಗಳನ್ನು ಅದು ತೋರಿಸುತ್ತದೆ. ಬ್ಯಾಟರಿ ಇಳಿದಾಗ, ಬದಲಿಸಿದಾಗ ಒಮ್ಮೊಮ್ಮೆ ಸುಮ್ಮನೆ ದೀಪ ಹತ್ತಿ ಕೂರುವುದುಂಟು, ಅಳಿಸಿದರೆ ಹೋಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅದು ಸುಮ್ಮನೆ ಹತ್ತಿದ್ದೋ ಕಾರಣವಿದ್ದು ಹತ್ತಿದ್ದೋ ಎಂದು ಹೇಳಬಲ್ಲದ್ದು ಆ ಸ್ಕ್ಯಾನರೇ ಹೊರತು ಮೇಸ್ತ್ರಿಯ ಅನುಭವವಲ್ಲ. ಇನ್ನೊಂದು ಮಾತು, ಇದನ್ನು ಗ್ಯಾರೇಜಿನ ಹುಡುಗರಿಗೆ ಕೈಮುಗಿದು ಹೇಳುತ್ತೇನೆ: ಹಳದಿ ವೈರಿಗೆ ಟೆಸ್ಟ್ ಲ್ಯಾಂಪ್ ಹಚ್ಚಬೇಡಿ, ಸಾದಾ ಮೀಟರ್ ಕೂಡ ಹಚ್ಚಬೇಡಿ. ಅಷ್ಟು ಕರೆಂಟಿಗೇ ಚೀಲ ಸಿಡಿಯಬಹುದು. ಬ್ಯಾಟರಿ ತೆಗೆದ ಕೂಡಲೇ ಕೈಹಾಕಬೇಡಿ. ಡಿಕ್ಕಿಯಲ್ಲಿ ಬ್ಯಾಟರಿ ಕಿತ್ತುಹೋದರೂ ಚೀಲ ಉಬ್ಬಲೆಂದು ಕಂಟ್ರೋಲರ್ ತನ್ನೊಳಗೆ ಕರೆಂಟು ಕೂಡಿಟ್ಟುಕೊಂಡಿರುತ್ತದೆ. ಅದು ಇಳಿಯಲು ಕೆಲವು ನಿಮಿಷ ಬೇಕು. ಕಂಪನಿಯ ಕೈಪಿಡಿ ಎಷ್ಟು ಹೇಳುತ್ತದೋ ಅಷ್ಟು ಕಾಯಿರಿ.

ದುಡ್ಡಿನ ವಾದಕ್ಕೆ ನಾನು ತಲೆಬಾಗುತ್ತೇನೆ, ಅದು ನಿಜವಾದ ವಾದ. ಒಮ್ಮೆ ಉಬ್ಬಿದ ಏರ್‌ಬ್ಯಾಗುಗಳು, ಕಂಟ್ರೋಲರ್, ಬೆಲ್ಟುಗಳು ಎಲ್ಲವನ್ನೂ ಹೊಸದು ಹಾಕಿದರೆ ಹಳೆಯ ಸಣ್ಣ ಕಾರಿನ ಬೆಲೆಯ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಕಬ್ಬಿನ ಬಿಲ್ಲು ಬರುವ ತನಕ ಕಾಯುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಆದರೆ ದೀಪ ಹತ್ತಿದ ಗಾಡಿಗಳೆಲ್ಲ ಉಬ್ಬಿದ ಗಾಡಿಗಳಲ್ಲ. ಬಹಳ ಸಲ ಒಂದು ಕನೆಕ್ಟರ್ ಸ್ವಚ್ಛ ಮಾಡಿ ಬಿಗಿಯುವುದು, ಒಂದು ಕ್ಲಾಕ್ ಸ್ಪ್ರಿಂಗ್, ಒಂದು ಬಕಲ್ ಬದಲಿಸುವುದು ಇಷ್ಟರಲ್ಲೇ ಮುಗಿಯುತ್ತದೆ. ಏನಾಗಿದೆ ಎಂದು ನೋಡಿಸದೆಯೇ ಲಕ್ಷದ ಲೆಕ್ಕ ಹೇಳಿ ಹೆದರಿಸುವುದು, ಹೆದರಿದವನಿಗೆ ‘ಬಿಡ್ರಿ’ ಎಂದು ಬೆನ್ನು ತಟ್ಟುವುದು ಇವೆರಡೂ ಒಂದೇ ಅಂಗಡಿಯ ಸರಕು. ನಿಜಕ್ಕೂ ಕೈಲಾಗದಿದ್ದರೆ, ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ ಎಂದು ಮನೆಯವರಿಗೆಲ್ಲ ತಿಳಿದಿರಲಿ, ದೀಪ ಉರಿಯುತ್ತಲೇ ಇರಲಿ. ಇಲ್ಲದ್ದನ್ನು ಇದೆ ಎಂದು ನಂಬಿ ಓಡಿಸುವುದೇ ಘಾತ.

ಈ ನಂಬಿಕೆಗೆ ಒಂದು ಅವಳಿ ಇದೆ: ಏರ್‌ಬ್ಯಾಗ್ ಇದ್ದಮೇಲೆ ಬೆಲ್ಟ್ ಯಾಕೆ? ಒಂದೇ ಬಾಯಿ ಎರಡನ್ನೂ ಹೇಳುತ್ತದೆ. ದೀಪ ಹತ್ತಿದರೆ ಏರ್‌ಬ್ಯಾಗ್ ಬೇಕಿಲ್ಲ, ಬೆಲ್ಟ್ ಹಾಕಿ ಎಂದರೆ ಏರ್‌ಬ್ಯಾಗ್ ಇದೆ! ಬೆಲ್ಟಿನ ಬಾಯಿಗೆ ಸಿಕ್ಕಿಸಿ ಕುಯ್ಯ್‌ಗುಡುವ ಸದ್ದು ನಿಲ್ಲಿಸುವ ಕ್ಲಿಪ್ಪುಗಳು ಎಷ್ಟು ಮಾರಾಟವಾಗುತ್ತಿದ್ದವೆಂದರೆ, 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಅಂಗಡಿಗಳಿಗೆ ಆದೇಶ ಹೊರಡಿಸಿ 13,118 ಮಾರಾಟ ಪಟ್ಟಿಗಳನ್ನು ತೆಗೆಸಬೇಕಾಯಿತು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ 16,715 ಜನ ಬೆಲ್ಟ್ ಹಾಕಿರಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಸೂರ್ಯಾ ನದಿಯ ಸೇತುವೆಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಸತ್ತದ್ದು ಏರ್‌ಬ್ಯಾಗುಗಳ ಕೊರತೆಯಿಂದಲ್ಲ. ಮರ್ಸಿಡಿಸ್ ಕಾರಿನ ಹಿಂದಿನ ಸೀಟಿನಲ್ಲಿ ಅವರು ಬೆಲ್ಟ್ ಇಲ್ಲದೆ ಕುಳಿತಿದ್ದರು. ಉಬ್ಬುವ ಚೀಲ ಗಂಟೆಗೆ 300 ಕಿಲೋಮೀಟರಿನ ಹತ್ತಿರದ ವೇಗದಲ್ಲಿ ಬರಬಲ್ಲದು. ಬೆಲ್ಟ್ ಹಿಡಿದಿಟ್ಟ ದೇಹಕ್ಕೆ ಅದು ಆಸರೆ. ಮುಂದಕ್ಕೆ ಹಾರಿ ಬರುತ್ತಿರುವ ದೇಹಕ್ಕೆ ಅದೇ ಏಟು. 2024ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ತಾಯಿಯ ತೊಡೆಯ ಮೇಲೆ ಮುಂದಿನ ಸೀಟಿನಲ್ಲಿದ್ದ ಎಳೆಯ ಮಗು ಏರ್‌ಬ್ಯಾಗಿನ ಹೊಡೆತಕ್ಕೆ ತೀರಿಕೊಂಡಿತು. ಯಲ್ಲಮ್ಮನ ಗುಡ್ಡಕ್ಕೋ ಮದುವೆಗೋ ಹೋಗುವಾಗ ಮಗುವನ್ನು ಮುಂದೆ ತೊಡೆಯ ಮೇಲೆ ಕೂರಿಸಿಕೊಳ್ಳುವುದು ನಮ್ಮಲ್ಲಿ ಪ್ರೀತಿಯ ಲಕ್ಷಣ. ಆ ಪ್ರೀತಿ ಹಿಂದಿನ ಸೀಟಿಗೆ ಹೋಗಲಿ. ಡ್ಯಾಶ್‌ಬೋರ್ಡಿನ ಮೇಲೆ, ಏರ್‌ಬ್ಯಾಗ್ ಎಂದು ಬರೆದ ಮುಚ್ಚಳದ ಮೇಲೇ ಅಂಟಿಸಿದ ದೇವರ ಮೂರ್ತಿಯೂ ಬೇರೆ ಜಾಗಕ್ಕೆ ಹೋಗಬೇಕು. ಚೀಲ ಉಬ್ಬಿದರೆ ಮೂರ್ತಿ ಗುಂಡಿನಂತೆ ಬಂದು ಮುಖಕ್ಕೆ ತಾಗುತ್ತದೆ.

ಈ ಸೀಮೆಗೆ ವಿಶೇಷವಾಗಿ ಅನ್ವಯಿಸುವ ಒಂದು ಮಾತಿದೆ, ಅದನ್ನು ಒತ್ತಿ ಹೇಳಬೇಕು. ಕಬ್ಬಿನ ಹಂಗಾಮಿನ ರಾತ್ರಿಗಳಲ್ಲಿ ಹಿಂಬದಿಯ ದೀಪವಿಲ್ಲದ ಟ್ರೇಲರ್ ರಸ್ತೆಯ ಅಂಚಿನಲ್ಲಿ ಪಂಕ್ಚರ್ ಆಗಿ ನಿಂತಿರುತ್ತದೆ. ಕಬ್ಬಿನ ತುದಿಗಳು ಟ್ರೇಲರಿನ ಹಿಂದೆ ಮಾರುದ್ದ ಚಾಚಿರುತ್ತವೆ. ಎದುರು ಗಾಡಿಯ ಹೆಡ್‌ಲೈಟು ಕಣ್ಣಿಗೆ ಹೊಡೆದ ಗಳಿಗೆಯಲ್ಲಿ ಕಾರು ಆ ಟ್ರೇಲರಿನಡಿಗೆ ನುಗ್ಗುತ್ತದೆ. ಡಿಕ್ಕಿಯನ್ನು ಅರಿಯುವ ಸೆನ್ಸಾರ್‌ಗಳು ಸಾಮಾನ್ಯವಾಗಿ ಕಾರಿನ ಮುಂದಿನ ಬಂಪರಿನ ಹಿಂದೆ, ಚಾಸಿಯ ತೊಲೆಗಳ ಹತ್ತಿರ ಇರುತ್ತವೆ. ಟ್ರೇಲರಿನ ಹಲಗೆ ಬಾನೆಟ್ಟಿನ ಮೇಲಿಂದ ಹಾದು ನೇರ ಗಾಜಿಗೆ ಬರುವಾಗ ಆ ತೊಲೆಗಳಿಗೆ ಸರಿಯಾದ ಪೆಟ್ಟೇ ಬೀಳದಿರಬಹುದು. ಆಗ ಏರ್‌ಬ್ಯಾಗ್ ತಡವಾಗಿ ಉಬ್ಬುತ್ತದೆ, ಅಥವಾ ಉಬ್ಬುವುದೇ ಇಲ್ಲ. ಇಂಥ ಅಪಘಾತ ನೋಡಿದವರು ‘ನೋಡ್ರಿ, ಏರ್‌ಬ್ಯಾಗ್ ಇದ್ದೂ ಏನ್ ಬಂತು’ ಎಂದು ಮಾತು ಮುಗಿಸುತ್ತಾರೆ, ದೀಪ ಅಲಕ್ಷ್ಯ ಮಾಡಲು ಅದೇ ಕಾರಣವಾಗುತ್ತದೆ. 2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಕಂಟೇನರ್ ಲಾರಿ ವೋಲ್ವೊ ಕಾರಿನ ಮೇಲೆ ಬಿದ್ದು ಆರು ಜನ ಸತ್ತಾಗಲೂ ಇದೇ ಮಾತು ಎಲ್ಲೆಡೆ ಕೇಳಿತು. ಯಾವ ಏರ್‌ಬ್ಯಾಗೂ ತಡೆಯಲಾರದ ಪೆಟ್ಟು ಲೋಕದಲ್ಲಿ ಇದೆ ಎಂದಮಾತ್ರಕ್ಕೆ ಅದು ತಡೆಯಬಲ್ಲ ಸಾವಿರ ಪೆಟ್ಟುಗಳು ಲೆಕ್ಕಕ್ಕಿಲ್ಲವೇ? ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2017ರ ತನಕ ಮುಂದಿನ ಏರ್‌ಬ್ಯಾಗುಗಳು ಅಲ್ಲಿ ಉಳಿಸಿದ ಜೀವಗಳನ್ನು 50 ಸಾವಿರಕ್ಕೂ ಹೆಚ್ಚು ಎಂದು ಅಂದಾಜು ಮಾಡಿದೆ. ಟ್ರೇಲರಿಗೆ ಕೆಂಪು ರಿಫ್ಲೆಕ್ಟರ್ ಅಂಟಿಸುವುದು, ಹಿಂಬದಿಗೆ ತಡೆಕಂಬಿ ಹಾಕುವುದು ಬೇರೆಯೇ ಹೋರಾಟ, ಅದನ್ನೂ ಮಾಡೋಣ. ಕಾರಿನ ಮುಂದೆ ದಪ್ಪ ಕಬ್ಬಿಣದ ಗಾರ್ಡ್ ಹಾಕಿಸಿಕೊಂಡವರಂತೂ ಅದನ್ನು ಇವತ್ತೇ ಬಿಚ್ಚಿಸಬೇಕು. ಸೆನ್ಸಾರಿಗೆ ತಲುಪಬೇಕಾದ ಪೆಟ್ಟಿನ ಲೆಕ್ಕವನ್ನೇ ಅದು ಕೆಡಿಸುತ್ತದೆ. ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲೇ ಅದರ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಹೇಳಿದೆ.

ದೀಪಕ್ಕೂ ಒಂದು ಮಿತಿ ಇದೆ, ಅದನ್ನು ಮುಚ್ಚಿಡಬಾರದು. ಜಪಾನಿನ ಟಕಾಟಾ ಕಂಪನಿಯ ಇನ್‌ಫ್ಲೇಟರುಗಳಲ್ಲಿ ಅಮೋನಿಯಂ ನೈಟ್ರೇಟ್ ಇತ್ತು. ವರ್ಷಗಟ್ಟಲೆ ಸೆಕೆ, ತೇವ ತಿಂದು ಅದು ಹಾಳಾಗಿ, ಉಬ್ಬುವಾಗ ಲೋಹದ ಡಬ್ಬಿಯೇ ಸಿಡಿದು ಚೂರುಗಳು ಚಾಲಕನ ಕತ್ತಿಗೆ ನುಗ್ಗಿದವು. ಲೋಕದಾದ್ಯಂತ ಹತ್ತು ಕೋಟಿಯಷ್ಟು ಇನ್‌ಫ್ಲೇಟರುಗಳನ್ನು ವಾಪಸು ಕರೆಯಲಾಯಿತು, 2017ರಲ್ಲಿ ಕಂಪನಿ ದಿವಾಳಿಯಾಯಿತು. ಭಾರತದಲ್ಲೂ ಹೋಂಡಾ ಹಲವು ಸಲ ಹಳೆಯ ಕಾರುಗಳನ್ನು ಕರೆಸಿಕೊಂಡು ಪುಕ್ಕಟೆ ಬದಲಿಸಿಕೊಟ್ಟಿತು. ಈ ದೋಷಕ್ಕೆ ಯಾವ ದೀಪವೂ ಹತ್ತುವುದಿಲ್ಲ. 2023ರ ಜನವರಿಯಲ್ಲಿ ಮಾರುತಿ ಸುಜುಕಿ 17,362 ಹೊಸ ಕಾರುಗಳ ಏರ್‌ಬ್ಯಾಗ್ ಕಂಟ್ರೋಲರ್ ಬದಲಿಸಲು ಕರೆದಾಗ, ಬದಲಿಸುವ ತನಕ ಓಡಿಸಬೇಡಿ ಎಂದೇ ಹೇಳಿತ್ತು. ಮೂರನೆಯ, ನಾಲ್ಕನೆಯ ಕೈಗೆ ಬಂದ ಗಾಡಿಯ ಮಾಲೀಕನಿಗೆ ಇಂಥ ಪತ್ರ ತಲುಪುವುದಿಲ್ಲ, ಅದು ಮೊದಲ ಮಾಲೀಕನ ಹಳೆಯ ವಿಳಾಸಕ್ಕೆ ಹೋಗುತ್ತದೆ. ಹಾಗಾಗಿ ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡುವುದು ನಮ್ಮದೇ ಕೆಲಸ. ಖರ್ಚಿಲ್ಲದ ಕೆಲಸ.

ಇದೇ ‘ಓಡತೈತಲ್ಲ’ ಎಂಬ ಮಾತು ಬಸ್ಸಿನಲ್ಲೂ ಇದೆ. ಜಮಖಂಡಿ, ಬನಹಟ್ಟಿ, ಮುಧೋಳಗಳಿಂದ ರಾತ್ರಿ ಬೆಂಗಳೂರಿಗೆ ಹೊರಡುವ ಸ್ಲೀಪರ್ ಬಸ್ಸುಗಳಲ್ಲಿ ಎಷ್ಟೋ ಬಸ್ಸುಗಳು ಸ್ಪ್ರಿಂಗ್ ಪಟ್ಟಿಯ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ಕೂತಿರುತ್ತವೆ. ಡ್ರೈವರುಗಳ ಬಾಯಲ್ಲಿ ಅದು ಬಲೂನ್. ‘ಬಲೂನ್ ಹೋದ್ರ ಸ್ವಲ್ಪ ಜೋಲಿ ಹೊಡೀತೈತಿ, ಅಷ್ಟ’ ಎಂಬುದು ಅವರ ಸಮಾಧಾನ. ಅಷ್ಟೇ ಅಲ್ಲ. ಬ್ರೇಕಿಗೂ ಬಲೂನಿಗೂ ಗಾಳಿ ಕೊಡುವುದು ಒಂದೇ ಕಂಪ್ರೆಸರ್. ಬಲೂನ್ ಸೋರಿದರೆ ಬ್ರೇಕಿನ ಟ್ಯಾಂಕು ಬರಿದಾಗದಂತೆ ನಡುವೆ ವಾಲ್ವ್ ಇರುತ್ತದೆ ನಿಜ. ಆದರೆ ಸೋರಿದ್ದನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ದುಡಿದು ಕಾಯುತ್ತದೆ, ಆಯಿಲ್ ಉಗುಳುತ್ತದೆ, ಡ್ರೈಯರ್ ತೇವ ಹಿಡಿಯಲಾರದೆ ಸೋಲುತ್ತದೆ, ನೀರು ಟ್ಯಾಂಕಿಗೆ ಇಳಿಯುತ್ತದೆ. ಎರಡಂತಸ್ತು ಹಾಸಿಗೆಯ ಎತ್ತರದ ಬಸ್ಸು ಒಂದು ಮಗ್ಗುಲಿಗೆ ವಾಲಿಕೊಂಡು ತಿರುವಿಗೆ ಹೋಗುವುದು ಬೇರೆ. ಇದರ ಚಿಹ್ನೆಗಳನ್ನು ಪ್ರಯಾಣಿಕರೂ ಕಾಣಬಹುದು. ನಿಂತ ಬಸ್ಸಿನ ಒಂದು ಮೂಲೆ ಚಕ್ರದ ಮೇಲೆ ಕುಸಿದಿರುತ್ತದೆ, ಎಂಜಿನ್ ಚಾಲು ಮಾಡಿ ಬಹಳ ಹೊತ್ತಾದರೂ ಮೈ ಎತ್ತುವುದಿಲ್ಲ, ಹಿಂದಿನ ಚಕ್ರದ ಬಳಿ ನಿಂತರೆ ಬುಸ್ಸೆನ್ನುವ ಸದ್ದು ನಿಲ್ಲುವುದೇ ಇಲ್ಲ, ಉಬ್ಬು ದಾಟುವಾಗ ಲೋಹಕ್ಕೆ ಲೋಹ ಬಡಿದ ದಬ್ಬೆಂಬ ಪೆಟ್ಟು ಬರುತ್ತದೆ. ಬಲೂನಿನ ರಬ್ಬರಿನಲ್ಲಿ ಬಿರುಕು ಕಾಣುವುದು ಮಾಲೀಕರ ಕಣ್ಣಿಗೆ, ಮತ್ತು ಅವರು ನೋಡಿದರೆ ಮಾತ್ರ. ಟಿಕೆಟಿನ ದುಡ್ಡು ಕೊಟ್ಟು ಮಲಗುವವನಿಗೆ ಕೇಳುವ ಹಕ್ಕಿದೆ.

ಮತ್ತೆ ಕಾರಿಗೆ ಬರುತ್ತೇನೆ, ಯಾಕೆಂದರೆ ಈ ನಂಬಿಕೆಯನ್ನು ಬೆಳೆಸುತ್ತಿರುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಪೇಟೆ. ಚಾಲಕನ ಏರ್‌ಬ್ಯಾಗ್ 2019ರ ಜುಲೈನಿಂದ, ಪಕ್ಕದ ಸೀಟಿನದು 2021ರಿಂದ ಹೊಸ ಕಾರುಗಳಿಗೆ ಕಡ್ಡಾಯ. ಆ ಕಾರುಗಳೇ ಈಗ ಕೆಎ 48, ಕೆಎ 29 ನಂಬರಿನಲ್ಲೂ ಮಹಾರಾಷ್ಟ್ರ, ದೆಹಲಿ ನಂಬರಿನಲ್ಲೂ ನಮ್ಮ ಪೇಟೆಗೆ ಬರುತ್ತಿವೆ. ಕೊಳ್ಳುವಾಗ ನಾವು ಟೈರು ಒತ್ತುತ್ತೇವೆ, ಬಾನೆಟ್ ಎತ್ತಿ ಹೊಗೆ ನೋಡುತ್ತೇವೆ, ಮೀಟರ್ ಹಿಂದೆ ತಿರುಗಿಸಿದ್ದಾರೆಯೇ ಎಂದು ಅನುಮಾನಿಸುತ್ತೇವೆ. ಸ್ಟೇರಿಂಗಿನ ನಡುವಿನ ಮುಚ್ಚಳದ ಬಣ್ಣ ಚಕ್ರದ ಬಣ್ಣಕ್ಕೆ ಹೊಂದುತ್ತದೆಯೇ, ಅದರ ಮೇಲೆ ಏರ್‌ಬ್ಯಾಗಿನ ಅಚ್ಚು ಇದೆಯೇ, ಪಕ್ಕದ ಡ್ಯಾಶ್‌ಬೋರ್ಡಿನಲ್ಲಿ ಪೇಸ್ಟ್ ಹಾಕಿ ಉಜ್ಜಿದ ಗೆರೆ ಇದೆಯೇ, ಬೆಲ್ಟ್ ಎಳೆದರೆ ಅರ್ಧಕ್ಕೇ ಜಾಮ್ ಆಗುತ್ತದೆಯೇ, ಬೆಲ್ಟಿನ ಬುಡದ ಚೀಟಿಯಲ್ಲಿರುವ ವರ್ಷ ಗಾಡಿಯ ವರ್ಷಕ್ಕೆ ಹೊಂದುತ್ತದೆಯೇ ಎಂದು ಯಾರೂ ನೋಡುವುದಿಲ್ಲ. ಪಕ್ಕದ ಏರ್‌ಬ್ಯಾಗ್ ಇರುವ ಸೀಟಿಗೆ ದಪ್ಪ ರೆಕ್ಸಿನ್ ಕವರ್ ಬಿಗಿದು ಹೊಲಿಸಿದ್ದರೆ ಅದನ್ನು ಗಾಡಿಯ ಅಂದ ಎನ್ನುತ್ತೇವೆ. ಆ ಚೀಲ ಹೊರಬರಬೇಕಾದದ್ದು ಆ ಕವರ್ ಮುಚ್ಚಿದ ಸೀಟಿನ ಹೊಲಿಗೆಯನ್ನು ಸೀಳಿಕೊಂಡು.

ಮುಂದಿನ ಸಲ ಗಾಡಿ ನೋಡಲು ಹೋದಾಗ ದಲ್ಲಾಳಿಯ ಕೈಯಿಂದ ಕೀ ಇಸಿದುಕೊಂಡು ನೀವೇ ತಿರುಗಿಸಿ. ಎಂಜಿನ್ ಚಾಲು ಮಾಡುವ ಮುನ್ನ ಆ ದೀಪ ಹತ್ತುವುದನ್ನು, ಬೇರೆ ಯಾವ ದೀಪದ ಜೊತೆಗೂ ಅಲ್ಲದೆ ತನ್ನಷ್ಟಕ್ಕೆ ತಾನೇ ಆರುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಏರ್‌ಬ್ಯಾಗ್ ಓದುವ ಸ್ಕ್ಯಾನರಿನ ವರದಿ ಕೇಳಿ. ಕರಾರುಪತ್ರದಲ್ಲಿ ಏರ್‌ಬ್ಯಾಗುಗಳು ಮೂಲದವು, ಒಮ್ಮೆಯೂ ಉಬ್ಬಿಲ್ಲ, ಅಥವಾ ಉಬ್ಬಿದ ಮೇಲೆ ಇಂಥ ಕಡೆ ಹೊಸದು ಹಾಕಿಸಿದೆ ಎಂದು ಬರೆಸಿ, ಬಿಲ್ಲಿನ ಪ್ರತಿ ಜೊತೆಗಿರಲಿ. ಬರೆದುಕೊಡಲು ಒಪ್ಪದವನ ಗಾಡಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.